ಒಂದೇ ಪಾತ್ರೆ, ನಲವತ್ತೈದು ಕೆಜಿ

ಜನವರಿ ೬, ಸೋಮವಾರ
ತೂಕ ೪೨.೩

ಇನ್ನು ನಲವತ್ತನಾಲ್ಕು ದಿನ. ಈ ಸಲವೂ ಲಿಖಿತ ಪಾಸಾಗಿದೆ, ಫೆಬ್ರವರಿ ಹತ್ತೊಂಬತ್ತಕ್ಕೆ ದೈಹಿಕ ಪರೀಕ್ಷೆ. ಪೊಲೀಸ್ ಕಾನ್ಸ್‌ಟೇಬಲ್ ಆಗಬೇಕಾದ ಹೆಣ್ಣುಮಗಳು ಕನಿಷ್ಠ ನಲವತ್ತೈದು ಕೆಜಿ ತೂಗಬೇಕು. ಕಳೆದ ಸಲ ಲಿಖಿತ ಪರೀಕ್ಷೆ ಪಾಸಾಗಿ, ಎತ್ತರದಲ್ಲೂ ಪಾಸಾಗಿ, ತೂಕದ ಯಂತ್ರದ ಮೇಲೆ ನಿಂತಾಗ ಆರುನೂರು ಗ್ರಾಂ ಕಡಿಮೆ ಬಂತು. ಆರುನೂರು ಗ್ರಾಂ ಅಂದರೆ ಮೂರು ದೊಡ್ಡ ಈರುಳ್ಳಿ. ಅಲ್ಲಿಂದಲೇ ವಾಪಸು ಕಳಿಸಿದರು. ಓಡಲೂ ಬಿಡಲಿಲ್ಲ. ಈಗ ವರ್ಷವಿಡೀ ಓಡಿ ಓಡಿ ಇನ್ನೂ ಎರಡು ಕೆಜಿ ಕರಗಿದ್ದೇನೆ.

ಇವತ್ತಿನಿಂದ ವಾಸ ಹಲಸೂರಿನಲ್ಲಿ. ಅವಲಹಳ್ಳಿಯ ನಮ್ಮ ಮನೆಯಿಂದ ಬೆಳಿಗ್ಗೆ ಆರಕ್ಕೆ ಇಲ್ಲಿನ ಮೈದಾನ ಮುಟ್ಟಬೇಕಾದರೆ ನಾಲ್ಕಕ್ಕೆ ಏಳಬೇಕು. ಸಂಜೆ ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕು ದಾಟುವಷ್ಟರಲ್ಲಿ ತಿಂದದ್ದೆಲ್ಲ ಬೆವರಾಗಿ ಹೋಗಿರುತ್ತದೆ. ನಾನು ಬಿಲ್ ಹಾಕುವ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯ ಮಾಲೀಕ ಶಾಹಬಾಜ್ ಭಾಯ್ ಅವರೇ ಉಪಾಯ ಹೇಳಿದರು. ಅವರ ತಾಯಿ ಹಲಸೂರಿನ ಹಳೆ ಮನೆಯಲ್ಲಿ ಒಬ್ಬರೇ ಇದ್ದಾರೆ, ಪರೀಕ್ಷೆಯವರೆಗೆ ನೀನೂ ಅಲ್ಲಿರು ಅಂದರು. ಅದಕ್ಕೊಂದು ಷರತ್ತು. ಅವರ ತಾಯಿ ಹೋದ ಅಕ್ಟೋಬರಿನಲ್ಲಿ ಎರಡು ಸಲ ಗ್ಯಾಸ್ ಆರಿಸುವುದನ್ನು ಮರೆತರಂತೆ. ಎರಡನೆಯ ಸಲ ಹಾಲಿನ ಪಾತ್ರೆ ಕರಕಲಾಗಿ ಕಿಟಕಿ ಪರದೆಗೆ ಬೆಂಕಿ ತಗುಲಿತ್ತು. ಗ್ಯಾಸ್ ತೆಗೆಸಿ, ಕರೆಂಟಿನ ಇಂಡಕ್ಷನ್ ಒಲೆ ಒಂದನ್ನು ತಂದುಕೊಟ್ಟಿದ್ದಾರೆ. ಇನ್ನೊಂದು ಸಲ ಏನಾದರೂ ಆದರೆ ಅದೂ ಇಲ್ಲ, ಅಮ್ಮಿ ನಮ್ಮ ಫ್ಲ್ಯಾಟಿಗೆ ಬರಬೇಕು ಎಂದು ಅವರ ತೀರ್ಮಾನ. ಏನಾದರೂ ಆದರೆ ನಾನು ಫೋನ್ ಮಾಡಬೇಕು.

ಸರಿ ಅಂದೆ. ನನಗೆ ಬೇಕಾಗಿದ್ದು ಮೈದಾನಕ್ಕೆ ಹತ್ತಿರದ ಹಾಸಿಗೆ ಮತ್ತು ದಿನಕ್ಕೆ ನಾಲ್ಕು ಮೊಟ್ಟೆ.

ಜನವರಿ ೭, ಮಂಗಳವಾರ
ತೂಕ ೪೨.೩

ಮೊದಲನೆಯ ದಿನವೇ ಜಗಳ.

ಈ ಮನೆಯಲ್ಲಿ ಪಾತ್ರೆಗಳಿಗೆ ಕೊರತೆಯಿಲ್ಲ. ಆದರೆ ಎಲ್ಲವೂ ಅಲ್ಯೂಮಿನಿಯಂ, ಇಂಡಕ್ಷನ್ ಒಲೆಯ ಮೇಲೆ ಬಿಸಿಯೇ ಆಗುವುದಿಲ್ಲ. ನಡೆಯುವುದು ಒಂದೇ, ಶಾಹಬಾಜ್ ಭಾಯ್ ತಂದ ಚಪ್ಪಟೆ ತಳದ ಸ್ಟೀಲ್ ಪಾತ್ರೆ. ಒಂದು ಒಲೆ, ಒಂದು ಪಾತ್ರೆ. ಮೈದಾನದಿಂದ ಬಂದಾಗ ಏಳೂವರೆ. ಸ್ನಾನ ಮಾಡಿ ತಿಂದು ಡಬ್ಬಿ ಕಟ್ಟಿಕೊಂಡು ಒಂಬತ್ತೂವರೆಗೆ ಹೊರಡಬೇಕು. ಪಾತ್ರೆಯಲ್ಲಿ ಬೇಳೆ ಬೇಯುತ್ತಿತ್ತು. ನಾನು ಟ್ರೇಯಿಂದ ನಾಲ್ಕು ಮೊಟ್ಟೆ ತೆಗೆದು ಅದರೊಳಗೇ ಬಿಡಲು ಹೋದೆ. ಶಾಹಬಾಜ್ ಭಾಯ್ ಅವರ ತಾಯಿ ಶರ್ಫುನ್ನೀಸಾ ಅವರು ನನ್ನ ಮಣಿಕಟ್ಟು ಹಿಡಿದರು. ಎಪ್ಪತ್ತೊಂದು ವರ್ಷದ ಕೈ, ಇಕ್ಕಳದ ಹಾಗಿದೆ.

ಮೊಟ್ಟೆಯ ಮೇಲೆ ಒಣಗಿದ ಗಲೀಜು ತೋರಿಸಿದರು. ಇದು ಕೋಳಿಯ ಯಾವ ಕಡೆಯಿಂದ ಬಂತು ಗೊತ್ತಾ ಎಂದು ಕೇಳಿದರು. ಗೊತ್ತು ಅಂದೆ. ಹಾಗಾದರೆ ಅದನ್ನು ಬೇಳೆಗೆ ಹಾಕಿ ಕಲಸಿಕೊಂಡು ತಿನ್ನುತ್ತೀಯಾ ಅಂದರು. ಕುದಿಯುವ ನೀರಿನಲ್ಲಿ ಎಲ್ಲ ಸಾಯುತ್ತದೆ ಎಂದು ವಾದ ಮಾಡಿದೆ. ಸತ್ತ ಗಲೀಜೂ ಗಲೀಜೇ ಅಂದರು. ಆಮೇಲೆ ಬೆರಳೆತ್ತಿ ಒಂದು ಮಾತು ಹೇಳಿದರು.

“ಸುನ್, ನೀರು ಚೆಲ್ಲೋದಾದ್ರೆ ಮೊಟ್ಟೆ ಜೊತೇಲಿ ಹಾಕು. ನೀರು ತಿನ್ನೋದಾದ್ರೆ ಮೇಲೆ ಇಡು. ಇಷ್ಟೇ.”

ಅಂದರೆ ಆಲೂಗಡ್ಡೆಯನ್ನು ಸಿಪ್ಪೆಸಮೇತ ಬೇಯಿಸುವಾಗ ಅದೇ ನೀರಿನಲ್ಲಿ ತೊಳೆದ ಮೊಟ್ಟೆ ಇರಬಹುದು. ಆ ನೀರು ಮೋರಿಗೆ ಹೋಗುತ್ತದೆ, ಎರಡರ ಸಿಪ್ಪೆಯೂ ಹೋಗುತ್ತದೆ. ಬೇಳೆ, ಅನ್ನ ಆದರೆ ಮೊಟ್ಟೆ ಪಾತ್ರೆಯ ಬಾಯಿಗೆ ಕೂರುವ ತೂತಿನ ಬುಟ್ಟಿಯಲ್ಲಿ, ಆವಿಯಲ್ಲಿ ಬೇಯಬೇಕು. ಒಬ್ಬಳಿಗೆ ನಾಲ್ಕು ಮೊಟ್ಟೆ ಬೇಯಿಸಲು ಇಷ್ಟು ಕಾನೂನು. ಪೊಲೀಸ್ ಆಗುವುದು ನಾನೋ ಇವರೋ ತಿಳಿಯಲಿಲ್ಲ.

ಜನವರಿ ೧೧, ಶನಿವಾರ
ತೂಕ ೪೨.೭

ನಾನೂರು ಗ್ರಾಂ. ಮೈದಾನದಲ್ಲಿ ನಮಗೆ ಪುಕ್ಕಟೆ ತರಬೇತಿ ಕೊಡುವ ಅಂಜನಮೂರ್ತಿ ಸರ್, ನಿವೃತ್ತ ಪಿ.ಟಿ. ಮೇಷ್ಟ್ರು, ಹೀಗೇ ಹೋಗಲಿ ಅಂದರು. ನನ್ನ ಜೊತೆ ಓಡುವ ಮಾರಿಯಾಗೂ ಇದೇ ಪರೀಕ್ಷೆ. ಅವಳು ನಲವತ್ತೇಳು ಕೆಜಿ ಇದ್ದಾಳೆ. ಅವಳಿಗೆ ತೂಕದ ಚಿಂತೆಯಿಲ್ಲ, ಗುಂಡು ಎಸೆತದ್ದು. ನಾಲ್ಕು ಕೆಜಿಯ ಗುಂಡು ಅವಳ ಕೈಯಿಂದ ಹೊರಟು ಅವಳ ಕಾಲ ಹತ್ತಿರವೇ ಬಿದ್ದುಬಿಡುತ್ತದೆ. ಏನು ಮಾಡಲಿ ಎಂದು ನನ್ನನ್ನು ಕೇಳಿದಳು. ನನಗೆ ನನ್ನದೇ ಸಾಕಾಗಿದೆ.

ಶರ್ಫುನ್ನೀಸಾ ಅವರು ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಇದ್ದವರಂತೆ. ಕೊನೆಯ ಹನ್ನೆರಡು ವರ್ಷ ಅಲ್ಲಿನ ಮುಖ್ಯಸ್ಥೆ. ದಿನಾ ಬೆಳಿಗ್ಗೆ ನೂರೆಂಬತ್ತು ಮೊಟ್ಟೆ. ಅದಕ್ಕೇ ಇಷ್ಟು ಹಟ. ಬಿರುಕು ಬಿಟ್ಟದ್ದನ್ನು ಮುಟ್ಟಗೊಡುವುದಿಲ್ಲ. ಆಲೂಗಡ್ಡೆ ಮೊದಲು, ಅದು ಅರ್ಧ ಬೆಂದ ಮೇಲೆ ಮೊಟ್ಟೆ, ಅಲ್ಲಿಂದ ಹನ್ನೆರಡು ನಿಮಿಷ. ಬುಟ್ಟಿಯಲ್ಲಾದರೆ ಹದಿನೈದು. ಆಮೇಲೆ ತಣ್ಣೀರಿನ ಬೋಗುಣಿ. ಕೊರಳಲ್ಲಿ ದಾರ ಕಟ್ಟಿದ ಟೈಮರ್ ಒಂದು ನೇತಾಡುತ್ತಿರುತ್ತದೆ. ಅದು ಕೂಗಿದಾಗ ಪಕ್ಕದ ಮನೆಯ ಬಸಣ್ಣನವರ ನಾಯಿಯೂ ಕೂಗುತ್ತದೆ.

ಜನವರಿ ೧೫, ಬುಧವಾರ
ತೂಕ ೪೩.೪

ಹಬ್ಬಕ್ಕೆ ಮನೆಗೆ ಹೋಗಿ ಬಂದೆ. ಅಮ್ಮ ಕಡಲೆಕಾಯಿ, ಅವರೆಕಾಯಿ, ಗೆಣಸು ಬೇಯಿಸಿ ರಾಶಿ ಹಾಕಿದ್ದಳು. ಬರುವಾಗ ಒಂದು ಚೀಲ ಗೆಣಸು ಹೊರಿಸಿ ಕಳಿಸಿದಳು. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ನಲವತ್ತು ನಿಮಿಷ ನಿಂತಿತು. ನಾನು ಎಳ್ಳುಬೆಲ್ಲದ ಪೊಟ್ಟಣ ಖಾಲಿ ಮಾಡಿದೆ. ಟ್ರಾಫಿಕ್ಕಿನಿಂದ ತೂಕ ಹೆಚ್ಚಿದ್ದು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಗೆಣಸು ನೋಡಿ ಶರ್ಫುನ್ನೀಸಾ ಅವರ ಮುಖ ಅರಳಿತು. ಇದೂ ಮೊಟ್ಟೆ ಜೊತೆ ಒಂದೇ ನೀರಿನಲ್ಲಿ ನಡೆಯುತ್ತದೆ, ಮಣ್ಣು ಹೋಗುವವರೆಗೆ ಉಜ್ಜು ಎಂದು ಬ್ರಷ್ ಕೊಟ್ಟರು. ಉಜ್ಜಿದೆ.

ಜನವರಿ ೨೨, ಬುಧವಾರ
ತೂಕ ೪೩.೮

ಇವತ್ತು ಅಂಗಡಿಯಲ್ಲಿ ಸ್ಟಾಕ್ ತೆಗೆಯುವ ದಿನ, ಎಂಟೂವರೆಗೇ ಇರಬೇಕಿತ್ತು. ಪಾತ್ರೆಯಲ್ಲಿ ಅನ್ನ ಕುದಿಯುತ್ತಿತ್ತು. ಶರ್ಫುನ್ನೀಸಾ ಅವರು ಮಹಡಿ ಮೇಲೆ ಬಟ್ಟೆ ಹರವಲು ಹೋಗಿದ್ದರು. ಬುಟ್ಟಿ, ಹದಿನೈದು ನಿಮಿಷ, ಯಾವುದಕ್ಕೂ ಸಮಯವಿರಲಿಲ್ಲ. ನಾಲ್ಕು ಮೊಟ್ಟೆ ಅನ್ನದೊಳಗೇ ಇಳಿಸಿದೆ, ಆರು ನಿಮಿಷಕ್ಕೆ ತೆಗೆದೆ. ಎರಡು ಒಡೆದು ಬಿಳಿ ನೊರೆ ಅನ್ನಕ್ಕೆ ಅಂಟಿತು. ಪರವಾಗಿಲ್ಲ, ಹೊಟ್ಟೆಯಲ್ಲಿ ಎಲ್ಲ ಒಂದೇ. ಬಿಸಿಯನ್ನೇ ಡಬ್ಬಿಗೆ ತುಂಬಿ ಮುಚ್ಚಿಕೊಂಡು ಓಡಿದೆ.

ಮಧ್ಯಾಹ್ನ ಶಾಹಬಾಜ್ ಭಾಯ್ ಎಲ್ಲರಿಗೂ ಬಿರಿಯಾನಿ ತರಿಸಿದ್ದರು. ಡಬ್ಬಿ ಹಾಗೇ ಉಳಿಯಿತು. ಸಂಜೆ ಆರೂವರೆಗೆ ಬಸ್ ಸ್ಟಾಪಿನಲ್ಲಿ ಕೂತು ಮುಗಿಸಿದೆ. ಮೊಟ್ಟೆ ವ್ಯರ್ಥ ಮಾಡುವ ಸ್ಥಿತಿಯಲ್ಲಿ ನಾನಿಲ್ಲ. ಹಳದಿ ಇನ್ನೂ ನೀರು ನೀರಾಗಿತ್ತು, ಆದರೆ ರುಚಿ ಚೆನ್ನಾಗಿತ್ತು.

ಜನವರಿ ೨೪, ಶುಕ್ರವಾರ
೪೧.೬

ವಾಂತಿ, ಭೇದಿ, ಜ್ವರ. ಪೆನ್ನು ಭಾರ.

ಜನವರಿ ೨೫, ಶನಿವಾರ

ಡಾಕ್ಟರು ತಿಂದದ್ದರಲ್ಲಿ ಏನೋ ಕೆಟ್ಟಿತ್ತು ಅಂದರು. ಎರಡು ಕೆಜಿ ಹೋಯಿತು. ಎರಡು ವಾರದ ಗಳಿಕೆ ಎರಡು ದಿನದಲ್ಲಿ.

ಬೆಳಿಗ್ಗೆ ಶಾಹಬಾಜ್ ಭಾಯ್ ಫೋನ್ ಮಾಡಿ ಏನು ತಿಂದೆ ಎಂದು ಕೇಳಿದರು. ಮೊಟ್ಟೆ ಸರಿಯಾಗಿ ಬೆಂದಿರಲಿಲ್ಲ ಅನಿಸುತ್ತದೆ ಅಂದೆ. ಅಮ್ಮಿ ಬೇಯಿಸಿದ್ದಾ ಎಂದು ಕೇಳಿದರು. ಹ್ಞೂಂ ಅಂದೆ.

ಅದು ಸುಳ್ಳಲ್ಲ. ದಿನಾ ಬೇಯಿಸುವುದು ಅವರೇ. ಅವತ್ತು ಒಲೆ ಹಚ್ಚಿದ್ದೂ ಅವರೇ. ಮತ್ತೆ ನನಗೆ ಮಾತಾಡುವ ಶಕ್ತಿ ಇರಲಿಲ್ಲ.

ಮಧ್ಯಾಹ್ನ ಅವರು ಬಂದು ಇಂಡಕ್ಷನ್ ಒಲೆಯನ್ನು ಕಾರಿನಲ್ಲಿಟ್ಟುಕೊಂಡು ಹೋದರು. ಇನ್ನು ದಿನಾ ಫ್ರೇಜರ್ ಟೌನಿನ ಅವರ ಫ್ಲ್ಯಾಟಿನಿಂದ ಕ್ಯಾರಿಯರ್ ಬರುತ್ತದಂತೆ. ಈ ತಿಂಗಳ ಕೊನೆಯೊಳಗೆ ಅಮ್ಮಿ ಬಟ್ಟೆ ಕಟ್ಟಿಕೊಳ್ಳಬೇಕಂತೆ. ತಾಯಿ ಮಗ ಅಡುಗೆಮನೆಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು. ಶರ್ಫುನ್ನೀಸಾ ಅವರ ದನಿ ಒಂದೇ ಸಲ ಕೇಳಿತು. “ನಾನು ಮರೆತಿಲ್ಲ, ಬೇಟಾ.” ಅಷ್ಟೇ. ನಾನು ಗೋಡೆ ಕಡೆ ಮುಖ ಮಾಡಿ ಮಲಗಿದೆ.

ಜನವರಿ ೨೭, ಸೋಮವಾರ
೪೨.೧

ಎರಡು ದಿನದಿಂದ ಗಂಜಿ ಕುಡಿಯುತ್ತಿದ್ದೇನೆ. ಒಲೆಯೇ ಇಲ್ಲದ ಮನೆಯಲ್ಲಿ ಗಂಜಿ ಎಲ್ಲಿಂದ ಬರುತ್ತಿದೆ ಎಂದು ಇವತ್ತು ಹೊಳೆಯಿತು. ಎದ್ದು ಕಿಟಕಿಯಿಂದ ನೋಡಿದೆ. ಶರ್ಫುನ್ನೀಸಾ ಅವರು ಬಸಣ್ಣನವರ ಮನೆಯಿಂದ ಆ ಸ್ಟೀಲ್ ಪಾತ್ರೆಯನ್ನು ದುಪಟ್ಟಾದಲ್ಲಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ದಿನಕ್ಕೆ ನಾಲ್ಕು ಸಲ ಹೀಗೆ ಹತ್ತಿ ಇಳಿಯುತ್ತಿದ್ದಾರೆ.

ಲೋಟಕ್ಕೆ ಹಾಕಿ ಕೊಟ್ಟು ಎದುರಿಗೆ ಕೂತರು. ಆಸ್ಪತ್ರೆಯಲ್ಲಿ ಕೇಳುತ್ತಿದ್ದ ಹಾಗೆ ಕೇಳಲು ಶುರುಮಾಡಿದರು. ಬುಧವಾರ ಏನೇನು ತಿಂದೆ, ಎಷ್ಟು ಹೊತ್ತಿಗೆ, ಹೊಟ್ಟೆ ನೋವು ಯಾವಾಗ ಬಂತು. ಬಿರಿಯಾನಿ ತಿಂದ ಬೇರೆಯವರಿಗೆ ಏನಾದರೂ ಆಯಿತಾ? ಇಲ್ಲ ಅಂದೆ. ಡಬ್ಬಿ ಎಷ್ಟು ಹೊತ್ತಿಗೆ ತೆಗೆದೆ? ಆರೂವರೆಗೆ. ಬೆಳಿಗ್ಗೆ ಎಂಟಕ್ಕೆ ಬಿಸಿಬಿಸಿ ಮುಚ್ಚಿದ ಡಬ್ಬಿ, ಹತ್ತೂವರೆ ಗಂಟೆ ಎಂದು ಬೆರಳು ಮಡಚಿ ಎಣಿಸಿದರು. ಬೆಂದ ಮೊಟ್ಟೆ ಹೊರಗಿದ್ದರೆ ಎರಡು ಗಂಟೆಯೊಳಗೆ ತಿನ್ನಬೇಕು, ಇಲ್ಲದಿದ್ದರೆ ಫ್ರಿಜ್ಜು, ನಮ್ಮ ಅಡುಗೆಮನೆಯ ಬಾಗಿಲ ಮೇಲೇ ಬರೆದಿತ್ತು ಅಂದರು. ಆಮೇಲೆ, ಅನ್ನದ ತಳದಲ್ಲಿ ಸಿಪ್ಪೆ ಚೂರು ಸಿಕ್ಕಿತ್ತು ಎಂದೂ ಹೇಳಿದರು.

ಅಂದರೆ ಅವರಿಗೆ ಅವತ್ತೇ ಗೊತ್ತಿತ್ತು.

ಮಗನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಲೋಟ ತೆಗೆದುಕೊಂಡು ಏಳುತ್ತಾ ಅಂದರು: “ನಾನು ಹೇಳಿದ್ರೆ ಮುದುಕಿ ತಪ್ಪಿಸ್ಕೋತಾಳೆ ಅಂತಾನೆ. ನೀನು ಹೇಳ್ತೀಯೇನೋ ಅಂತ ನೋಡ್ತಾ ಇದ್ದೆ.”

ಗಂಜಿಗೆ ಉಪ್ಪು ಸರಿಯಾಗಿತ್ತು.

ಜನವರಿ ೨೮, ಮಂಗಳವಾರ

ಇವತ್ತು ಅಂಗಡಿಗೆ ಹೋದೆ. ಶಟರ್ ಎತ್ತುವ ಹೊತ್ತಿಗೇ ಹೋಗಿ ಶಾಹಬಾಜ್ ಭಾಯ್ ಎದುರು ನಿಂತೆ. ಮೊದಲೇ ಒಂದು ಮಾತು ಯೋಚಿಸಿಟ್ಟುಕೊಂಡಿದ್ದೆ, ಅದು ಬರಲಿಲ್ಲ.

“ಮೊಟ್ಟೆ ಬೇಯಿಸಿದ್ದು ನಾನು, ಭಾಯ್. ಅಮ್ಮಿ ಮಹಡಿ ಮೇಲಿದ್ರು. ತೊಳೀಲಿಲ್ಲ, ಆರು ನಿಮಿಷಕ್ಕೆ ತೆಗೆದೆ, ಸಂಜೆವರೆಗೂ ಇಟ್ಕೊಂಡು ತಿಂದೆ. ನೀವು ಕೇಳಿದಾಗ ಹ್ಞೂಂ ಅಂದಿದ್ದು ತಪ್ಪು.”

ಅವರು ಕೈಯಲ್ಲಿದ್ದ ಬೀಗವನ್ನು ಕೌಂಟರಿನ ಮೇಲಿಟ್ಟರು. ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡೆ. ರೂಮನ್ನೂ ಬಿಡಬೇಕು, ಮೈದಾನವೂ ದೂರ ಎಂದೆಲ್ಲ ತಲೆಯಲ್ಲಿ ಓಡಿತು.

“ನಾನು ನಮ್ಮಮ್ಮನ್ನ ನಂಬಲಿಲ್ಲ. ನಿನ್ನ ನಂಬಿದೆ,” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಆದರೂ ಗ್ಯಾಸ್ ಎರಡು ಸಲ ಮರೆತದ್ದು ನಿಜ ತಾನೇ, ಆ ಪರದೆ ಸುಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಇನ್ನೊಂದು ಸಲ ಆದರೆ ಏನು ಮಾಡಲಿ ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಭಯ ಹೆಚ್ಚಿತ್ತು. ಒಂದು ದಿನ ಬೆಳಿಗ್ಗೆ ಬಂದು ಅವರು ಅಡುಗೆ ಮಾಡುವುದನ್ನು ಪೂರ್ತಿ ನೋಡಿ, ಆಮೇಲೆ ತೀರ್ಮಾನ ಮಾಡಿ ಅಂದೆ. ಅಷ್ಟು ಹೇಳಲು ಎಲ್ಲಿಂದ ಧೈರ್ಯ ಬಂತೋ.

ಜನವರಿ ೩೦, ಗುರುವಾರ

ಏಳೂವರೆಗೆ ಶಾಹಬಾಜ್ ಭಾಯ್ ಇಂಡಕ್ಷನ್ ಒಲೆ ಹಿಡಿದುಕೊಂಡು ಬಂದರು. ಅಡುಗೆಮನೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಪರೀಕ್ಷಕರ ಹಾಗೆ ಕೂತರು. ತಾಯಿ ಮಗನ ಕಡೆ ನೋಡಲಿಲ್ಲ. ಮೊಟ್ಟೆಯ ಟ್ರೇಯನ್ನು ಅವರ ತೊಡೆಯ ಮೇಲಿಟ್ಟು, ಬಿರುಕು ಬಿಟ್ಟದ್ದಿದ್ದರೆ ಆರಿಸು, ಉಳಿದದ್ದು ತೊಳಿ ಅಂದರು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹನ್ನೊಂದು ಜನರಿಗೆ ಯಜಮಾನರಾದವರು ಶರ್ಟಿನ ತೋಳು ಮಡಚಿ ನಲ್ಲಿಯ ಕೆಳಗೆ ಒಂದೊಂದೇ ಮೊಟ್ಟೆ ತೊಳೆದರು. ಮೊಟ್ಟೆ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಬಾಗಿಲು ಹಿಡಿದದ್ದಕ್ಕೆ ಬೈಸಿಕೊಂಡರು.

ತಳದಲ್ಲಿ ಬೇಳೆ ಅಕ್ಕಿ, ಮೇಲೆ ಬುಟ್ಟಿಯಲ್ಲಿ ಮೊಟ್ಟೆ, ಸಂದಿಯಲ್ಲಿ ಬೀನ್ಸು, ಕ್ಯಾರೆಟ್ಟು. ಮುಚ್ಚಳ ಹಾಕಿ ಟೈಮರ್ ತಿರುಗಿಸಿ ಕೊರಳಿಗೆ ಹಾಕಿಕೊಂಡು ಕೂತರು. ಆಗ ಮಗ ಕೇಳಿಯೇಬಿಟ್ಟರು, ಅಕ್ಟೋಬರಿನಲ್ಲಿ ಆದದ್ದೇನು ಅಂತ. ಅಮ್ಮಿ ಮುಚ್ಚಿಡಲಿಲ್ಲ.

“ಮರ್ತಿದ್ದೆ. ಹೌ. ಅವತ್ತಿಂದ ಇದು ಕತ್ತಲ್ಲಿದೆ. ಮರೀತೀನಿ ಅಂತ ಗೊತ್ತಿರೋಳು ಗಡಿಯಾರ ಕಟ್ಕೋತಾಳೆ, ಬೇಟಾ. ಈ ಹುಡುಗಿಗೆ ಎಲ್ಲ ನೆನಪಿತ್ತು, ಆದ್ರೂ ಆಸ್ಪತ್ರೆಗೆ ಹೋದ್ಳು.”

ಟೈಮರ್ ಕೂಗಿತು, ಬಸಣ್ಣನವರ ನಾಯಿ ಕೂಗಿತು. ಒಲೆ ಆರಿಸಿ, ಪ್ಲಗ್ ಕಿತ್ತು, ಮಗನಿಗೆ ತೋರಿಸಿದರು. ಮೊಟ್ಟೆಯನ್ನು ತಣ್ಣೀರಿಗೆ ಹಾಕಿ ಒಂದನ್ನು ಕೊಯ್ದು ಹಳದಿ ಗಟ್ಟಿಯಾಗಿದೆಯೇ ನೋಡು ಅಂದರು. ಗಟ್ಟಿಯಾಗಿತ್ತು. ಶಾಹಬಾಜ್ ಭಾಯ್ ಎರಡು ತಟ್ಟೆ ಕಿಚಡಿ, ಮೂರು ಮೊಟ್ಟೆ ತಿಂದರು. ಹೋಗುವಾಗ ಒಲೆಯ ಬಗ್ಗೆ ಯಾರೂ ಮಾತೆತ್ತಲಿಲ್ಲ. ಅದು ಇದ್ದಲ್ಲೇ ಇತ್ತು. ಗುರುವಾರ ಗುರುವಾರ ಬರುತ್ತೇನೆ ಎಂದಷ್ಟೇ ಹೇಳಿದರು.

ಓದಿ ನೋಡಿದರೆ ಇವತ್ತು ತೂಕ ಬರೆದೇ ಇಲ್ಲ. ೪೨.೭ ಇತ್ತು.

ಫೆಬ್ರವರಿ ೬, ಗುರುವಾರ
೪೩.೫

ಮಾರಿಯಾಳನ್ನು ತಿಂಡಿಗೆ ಕರೆದುಕೊಂಡು ಬಂದೆ. ಅವಳು ಬೆಳಿಗ್ಗೆ ಬನ್ನು ತಿಂದು, ಟೀ ಕುಡಿದು ಓಡುತ್ತಾಳೆಂದು ಅಮ್ಮಿಗೆ ಹೇಳಿದ್ದೆ. ಯಾಕೆ ಕರೆದುಕೊಂಡು ಬಂದಿಲ್ಲ ಎಂದು ನಿನ್ನೆ ನನಗೇ ಬೈದರು. ಪಾತ್ರೆ ಮೂರು ಜನಕ್ಕೆ ಸಾಕು ಅಂದರು. ಶಾಹಬಾಜ್ ಭಾಯ್ ಬಂದದ್ದರಿಂದ ನಾಲ್ಕಾಯಿತು. ಅದಕ್ಕೂ ಸಾಕಾಯಿತು. ಗೆಣಸು ಕೆಳಗೆ, ಮೊಟ್ಟೆ ಜೊತೆಗೆ, ಬುಟ್ಟಿಯಲ್ಲಿ ಮೆಂತ್ಯದ ಮುದ್ದೆಗಳು. ಮಾರಿಯಾ ಬಿಸಿ ಗೆಣಸನ್ನು ಕೈಯಿಂದ ಕೈಗೆ ಹಾರಿಸುತ್ತಾ ತಿಂದಳು. ಗುಂಡನ್ನೂ ಹೀಗೆ ಬೇಗ ಬಿಟ್ಟುಬಿಡು ಎಂದು ಅಮ್ಮಿ ಹೇಳಿದರು. ಅಂಜನಮೂರ್ತಿ ಸರ್ ಕೂಡ ಇದನ್ನೇ ಹೇಳುವುದು.

ಫೆಬ್ರವರಿ ೧೨, ಬುಧವಾರ

ಅಮ್ಮಿಗೆ ಎರಡು ದಿನದಿಂದ ಮೊಣಕಾಲು ನೋವು. ಮೈದಾನದಿಂದ ಬೇಗ ಬಂದು ಅಡುಗೆ ನಾನೇ ಮಾಡಿದೆ. ಅವರು ಮಂಚದಿಂದಲೇ ಕೂಗಿ ಕೂಗಿ ವಿಚಾರಣೆ ಮಾಡಿದರು. ತೊಳೆದೆಯಾ, ತೊಳೆದೆ. ಕೈ? ಕೈಯನ್ನೂ. ನೀರು ಮೊಟ್ಟೆಯ ಮೇಲೆ ಒಂದು ಬೆರಳು ಇದೆಯಾ? ಇದೆ. ಟೈಮರ್ ನನ್ನ ಕೊರಳಲ್ಲಿತ್ತು. ತಟ್ಟೆ ಒಯ್ದು ಕೊಟ್ಟಾಗ ಮೊಟ್ಟೆಯನ್ನು ಎರಡು ಭಾಗ ಮಾಡಿ, ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ತಿಂದರು. ಅವರ ಲೆಕ್ಕದಲ್ಲಿ ಅದು ಚಿನ್ನದ ಪದಕ.

ಆಸ್ಪತ್ರೆಯ ಕಥೆ ಹೇಳಿದರು. ಅಲ್ಲಿ ಸೇರಿದ ವರ್ಷ ಒಂದು ವಾರ್ಡಿನಲ್ಲಿ ಏಳು ಜನರಿಗೆ ಹೊಟ್ಟೆ ಕೆಟ್ಟಿತಂತೆ. ಯಾರೂ ಏನೂ ಕೇಳದೆ ರೊಟ್ಟಿ ಮಾಡುತ್ತಿದ್ದ ಹೆಂಗಸನ್ನು ಮನೆಗೆ ಕಳಿಸಿದರಂತೆ. ಕೊನೆಗೆ ನೋಡಿದರೆ ಕೆಟ್ಟಿದ್ದು ನೀರಿನ ಟ್ಯಾಂಕು. ಅವಳು ವಾಪಸು ಬರಲೇ ಇಲ್ಲ. ಅವತ್ತಿನಿಂದ ಅಮ್ಮಿ ಮೊದಲು ಕೇಳುತ್ತಾರೆ, ಆಮೇಲೆ ಮಾತಾಡುತ್ತಾರೆ.

ನೋವಿನ ಎಣ್ಣೆ ಹಚ್ಚಿಕೊಟ್ಟು ಅಂಗಡಿಗೆ ಹತ್ತು ನಿಮಿಷ ತಡವಾಗಿ ಹೋದೆ.

ಫೆಬ್ರವರಿ ೧೮, ಮಂಗಳವಾರ
೪೪.೮

ಇನ್ನೂರು ಗ್ರಾಂ. ನಾಳೆ ಬೆಳಿಗ್ಗೆ ಏಳಕ್ಕೆ ವರದಿ ಮಾಡಿಕೊಳ್ಳಬೇಕು. ಅಮ್ಮ ಫೋನಿನಲ್ಲಿ ಬಾಳೆಹಣ್ಣು ತಿನ್ನು ಅಂದಳು, ಅಂಜನಮೂರ್ತಿ ಸರ್ ನೀರು ಕುಡಿ ಅಂದರು. ಬಸಣ್ಣನವರು ಜೇಬಿನಲ್ಲಿ ಕಲ್ಲು ಇಟ್ಟುಕೋ ಅಂದರು, ಅವರಿಗೆ ಅಮ್ಮಿಯಿಂದ ಮಂಗಳಾರತಿ ಆಯಿತು. ಹೆದರಿಕೆಯಿದೆ. ಆದರೆ ಹೋದ ಸಲದಷ್ಟಿಲ್ಲ, ಯಾಕೋ.

ಫೆಬ್ರವರಿ ೧೯, ಬುಧವಾರ

ಅಮ್ಮಿ ಬರುವುದು ಬೇಡ ಅಂದೆ, ಮೊಣಕಾಲು ನೋವಿನಲ್ಲಿ ಯಾಕೆ ಅಂದೆ. ಕೇಳಲಿಲ್ಲ. ಐದಕ್ಕೇ ಎದ್ದು ಆಲೂಗಡ್ಡೆ, ಮೊಟ್ಟೆ ಬೇಯಿಸಿ, ಮೊಟ್ಟೆಯನ್ನು ಐಸಿನ ಡಬ್ಬಿಯಲ್ಲಿಟ್ಟು, ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡರು. ಮಾರಿಯಾ ಹಲಸೂರು ಕೆರೆಯ ಹತ್ತಿರ ಹತ್ತಿಕೊಂಡಳು. ಪೊಲೀಸ್ ಮೈದಾನದ ಗೇಟಿನ ಹೊರಗೆ, ಬೇವಿನ ಮರದ ಕೆಳಗೆ ಕಲ್ಲು ಬೆಂಚಿನ ಮೇಲೆ ಅಮ್ಮಿಯನ್ನು ಕೂರಿಸಿದೆವು. ನಾನು ಎರಡು ಆಲೂಗಡ್ಡೆ, ಎರಡು ಮೊಟ್ಟೆ, ಮೂರು ಲೋಟ ನೀರು ಇಳಿಸಿ ಒಳಗೆ ಹೋದೆ.

ಮೊದಲು ಎತ್ತರ, ಆಮೇಲೆ ತೂಕ. ನನ್ನ ಮುಂದೆ ಹದಿನಾಲ್ಕು ಹುಡುಗಿಯರು. ನನಗಿಂತ ಮೂರು ಜನ ಮುಂದಿದ್ದವಳನ್ನು ಯಂತ್ರದಿಂದ ಇಳಿಸಿ ಪಕ್ಕಕ್ಕೆ ಕಳಿಸಿದರು. ಅವಳು ಇನ್ನೊಂದು ಸಲ ನೋಡಿ ಸರ್ ಅಂದಳು. ನೋಡಿದರು, ಅಷ್ಟೇ ಬಂತು. ನನ್ನ ಸರದಿ ಬಂದಾಗ ಹತ್ತಿ ನಿಂತು ಎದುರಿನ ಗೋಡೆ ನೋಡಿದೆ. ಕೆಳಗೆ ನೋಡುವ ಧೈರ್ಯ ಇರಲಿಲ್ಲ. ಅಂಕಿ ಕೂಗುವ ಹೆಂಗಸು ನನಗಿಂತ ಮೊದಲಿನವಳದನ್ನು ಬರೆದು ಮುಗಿಸಿ, ಪೆನ್ನು ಒದರಿ, ಆಮೇಲೆ ಕೂಗಿದರು.

“ನಲವತ್ತೈದು ಪಾಯಿಂಟ್ ಮೂರು. ಮುಂದೆ.”

ಮುಂದೆ ಅಂದರೂ ನಾನು ಅಲ್ಲೇ ನಿಂತಿದ್ದೆ. ಇಳಿಯಮ್ಮಾ ಎಂದು ಅವರೇ ಕೈಹಿಡಿದು ಇಳಿಸಿದರು.

ನಾನೂರು ಮೀಟರಿಗೆ ಒಂದು ನಿಮಿಷ ನಲವತ್ತು ಸೆಕೆಂಡು. ಉದ್ದ ಜಿಗಿತ ಮೊದಲನೆಯದರಲ್ಲೇ ಆಯಿತು. ಗುಂಡು ಎಸೆತ ಎರಡನೆಯ ಪ್ರಯತ್ನದಲ್ಲಿ ಗೆರೆ ದಾಟಿತು. ಹನ್ನೊಂದಕ್ಕೆ ನನ್ನ ಕಾಗದದ ಮೇಲೆ ನಾಲ್ಕು ಕಡೆ ‘ಅರ್ಹ’ ಎಂದು ಮುದ್ರೆ ಬಿತ್ತು.

ಹೊರಗೆ ಓಡಿಬಂದಾಗ ಬೆಂಚಿನ ಸುತ್ತ ಐದಾರು ಹುಡುಗಿಯರಿದ್ದರು. ಅಮ್ಮಿ ಆಲೂಗಡ್ಡೆ ಸುಲಿದು ಉಪ್ಪು ಮೆಣಸು ಹಾಕಿ ಹಂಚುತ್ತಿದ್ದರು. ತೂಕದಲ್ಲಿ ವಾಪಸಾದ ಆ ಹುಡುಗಿ ಅಳುತ್ತಲೇ ತಿನ್ನುತ್ತಿದ್ದಳು, ಅಮ್ಮಿ ಅವಳ ಮನೆಯಲ್ಲಿ ಏನೇನು ಬೇಯಿಸುತ್ತಾರೆಂದು ವಿಚಾರಣೆ ನಡೆಸಿದ್ದರು. ನಾನು ಕಾಗದ ತೋರಿಸಿದೆ. ಅವರು ಕನ್ನಡಕ ಏರಿಸಿ ನಾಲ್ಕೂ ಮುದ್ರೆ ನೋಡಿ, ನನ್ನ ಹಣೆಗೆ ಮುತ್ತಿಟ್ಟರು. ಕೈಯಲ್ಲಿ ಉಪ್ಪಿತ್ತು, ಕೆನ್ನೆಗೆಲ್ಲ ಹತ್ತಿತು. ಆಮೇಲೆ ಕೇಳಿದರು, ಮಾರಿಯಾ ಎಲ್ಲಿ?

ನಾನು ಅವಳನ್ನು ನೋಡಿರಲಿಲ್ಲ. ಮತ್ತೆ ಗೇಟಿನ ಹತ್ತಿರ ಹೋದೆ. ಕಾಂಪೌಂಡ್ ಗೋಡೆಗೆ ಒರಗಿ ಶೂ ಬಿಚ್ಚಿಕೊಂಡು ಕೂತಿದ್ದಳು. ಓಟ, ಜಿಗಿತ ಎರಡೂ ಆಗಿ, ಗುಂಡು ಮೂರು ಸಲವೂ ಗೆರೆಯ ಈಚೆಗೇ ಬಿದ್ದಿತ್ತು. ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳ ಶೂ ನಾನು ಎತ್ತಿಕೊಂಡೆ, ಅವಳು ಬರಿಗಾಲಲ್ಲಿ ಬಂದಳು. ಆಟೋದಲ್ಲಿ ಅಮ್ಮಿ ಅವಳ ತಲೆಯನ್ನು ತಮ್ಮ ಭುಜಕ್ಕೆ ಒರಗಿಸಿಕೊಂಡರು.

ನನಗೆ ಕುಣಿಯಬೇಕು ಅನಿಸಬೇಕಿತ್ತು. ಅನಿಸಿತು ಕೂಡ, ಆದರೆ ಮನೆ ಬಂದ ಮೇಲೆ, ಬಚ್ಚಲುಮನೆಯಲ್ಲಿ, ಒಬ್ಬಳೇ.

ಫೆಬ್ರವರಿ ೨೫, ಮಂಗಳವಾರ

ಆಯ್ಕೆ ಪಟ್ಟಿ ಬಂತು. ಮಧ್ಯಾಹ್ನ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದಾಗ ಫೋನಿನಲ್ಲಿ ನೋಡಿದೆ. ನನ್ನ ನಂಬರ್ ಇದೆ. ಶಾಹಬಾಜ್ ಭಾಯ್ ಅಂಗಡಿಗೆಲ್ಲ ಜಾಮೂನು ತರಿಸಿ, ಇನ್ನು ಬಿಲ್ ಹಾಕಲು ಯಾರನ್ನು ಹುಡುಕಲಿ ಎಂದು ಗೊಣಗಿ, ಮನೆಗೆ ಹೋಗು ಎಂದು ಕಳಿಸಿದರು.

ಅಮ್ಮಿ ಮಲಗಿದ್ದರು. ಮೊಣಕಾಲಿಗೆ ದಿಂಬು ಕೊಟ್ಟುಕೊಂಡು ಅಪರೂಪಕ್ಕೆ ಒಳ್ಳೆ ನಿದ್ದೆಯಲ್ಲಿದ್ದರು. ಎಬ್ಬಿಸಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕೂತಿದ್ದೆ, ಮುಕ್ಕಾಲು ಗಂಟೆ. ಎದ್ದವರು ನನ್ನ ಮುಖ ನೋಡಿಯೇ ತಿಳಿದುಕೊಂಡರು. ಊರಿಗೆ ಫೋನ್ ಮಾಡಿದೆಯಾ ಎಂದು ಕೇಳಿದರು. ಆಗ ನೆನಪಾಯಿತು.

ಅಮ್ಮ ಫೋನಿನಲ್ಲಿ ಅತ್ತಳು, ನಕ್ಕಳು, ಎಷ್ಟು ಹೊತ್ತಿಗೆ ಗೊತ್ತಾಯಿತು ಎಂದು ಕೇಳಿದಳು. ಹೇಳಿದೆ. ಇಷ್ಟು ಹೊತ್ತು ಏನು ಮಾಡುತ್ತಿದ್ದೆ ಎಂದಳು. ಅವರು ಏಳಲಿ ಅಂತ ಕಾಯುತ್ತಿದ್ದೆ ಅಂದೆ. ಅವರಿಗೆ ಫೋನ್ ಕೊಡು ಅಂದಳು ಅಮ್ಮ. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಏನು ಮಾತಾಡಿದರೆಂದು ಇಬ್ಬರೂ ಹೇಳುತ್ತಿಲ್ಲ.

ಪರೀಕ್ಷೆ ಮುಗಿಯಿತಲ್ಲ, ಮನೆಗೆ ಯಾವಾಗ ಬರುತ್ತೀ ಎಂದು ಅಮ್ಮ ಕೇಳಿದ್ದಕ್ಕೆ, ಟ್ರೇನಿಂಗಿಗೆ ಕರೆಯುವವರೆಗೂ ಇಲ್ಲಿಂದ ಅಂಗಡಿಗೆ ಹತ್ತಿರ ಅಂದೆ. ಅದು ನಿಜವೇ.

ಫೆಬ್ರವರಿ ೨೮, ಶುಕ್ರವಾರ

ಇವತ್ತಿನಿಂದ ಮಾರಿಯಾ ಮತ್ತೆ ಮೈದಾನಕ್ಕೆ ಬಂದಳು. ಮುಂದಿನ ನೇಮಕಾತಿ ಯಾವಾಗಲೋ, ಆದರೂ ಬಂದಳು. ಅಂಜನಮೂರ್ತಿ ಸರ್ ಊರಿನಲ್ಲಿಲ್ಲ. ನಾನೇ ಸುಣ್ಣದಲ್ಲಿ ಗೆರೆ ಹಾಕಿ, ಟೇಪು ಹಿಡಿದು, ಮೂವತ್ತು ಎಸೆತ ಎಣಿಸಿದೆ. ಮೊಣಕೈ ಕೆಳಗೆ ಇಳಿಯುತ್ತಿದೆ ಅವಳದು. ಅದನ್ನು ನಾನು ಒಂದು ತಿಂಗಳ ಹಿಂದೆಯೇ ನೋಡಬಹುದಿತ್ತು. ಕೊನೆಯ ನಾಲ್ಕು ಎಸೆತದಲ್ಲಿ ಮೊಣಕೈ ಎತ್ತಿದಳು, ಗುಂಡು ಸ್ವಲ್ಪ ದೂರ ಹೋಯಿತು.

ನಾಳೆ ಐದಕ್ಕೆ ಏಳಬೇಕು. ಅವಳ ಗುಂಡು ಗೆರೆಗೆ ಇನ್ನೂ ಹತ್ತು ಇಂಚು ಕಡಿಮೆ ಬೀಳುತ್ತಿದೆ.